ಬುಟ್ಟಿ ಹೊತ್ತು ಹೇಳುವ ಮಾತು

ಬೇತ್-ರಿಮ್ಮೋನ್, ಯೆಹೂದದ ಬೆಟ್ಟಸೀಮೆ
ಸಿವಾನ್ ತಿಂಗಳ ಹನ್ನೆರಡನೆಯ ದಿನ

ಪ್ರೀತಿಯ ಮಗ ಹನಾನ್‌ಗೆ, ನಿನ್ನ ಅಪ್ಪ ತನ್ಹೂಮ್ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಅಲೆಕ್ಸಾಂಡ್ರಿಯಾದ ಕಡಲ ಗಾಳಿ ನಿನ್ನ ಮೈಗೆ ಒಗ್ಗಿತೇ? ದಿನವಿಡೀ ಬಗ್ಗಿ ಕೂತು ಗ್ರಂಥದ ಸುರುಳಿ ನಕಲು ಮಾಡುವವನಿಗೆ ಕಣ್ಣೂ ಬೇಕು, ಬೆನ್ನೂ ಬೇಕು. ಎರಡನ್ನೂ ಜೋಪಾನ ಮಾಡಿಕೋ. ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮ ಎದುರಿಗೇ ಕೂತು ಬಾರ್ಲಿ ಆರಿಸುತ್ತಾ ನಾನು ಹೇಳಿದ್ದಕ್ಕೆಲ್ಲ ಮೂಗು ಮುರಿಯುತ್ತಿದ್ದಾಳೆ. ಬರೆಯುತ್ತಿರುವವನು ನಿನ್ನ ಹಳೆಯ ಗುರು ಹಿಲ್ಕಿಯಾ. ಎಂಟು ವರ್ಷ ನಿನಗೊಂದು ಓಲೆ ಬರೆಸದಿದ್ದಕ್ಕೆ ಅಕ್ಷರ ಬಾರದ್ದು ಬರೀ ನೆಪ. ಅಪ್ಪನಿಗೆ ಇನ್ನೂ ಸಿಟ್ಟಿದೆ ಎಂದುಕೊಂಡೇ ನೀನು ಊರಿಗೆ ಬರುತ್ತಿಲ್ಲ ಎಂಬುದು ನನಗೆ ಗೊತ್ತು. ಸಿಟ್ಟಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಸುತ್ತಿದ್ದೇನೆ. ಆದರೆ ಮೊದಲು ಸುದ್ದಿ ಕೇಳು.

ಈ ವರ್ಷ ಮೊದಲ ಫಲದ ಬುಟ್ಟಿಯನ್ನು ನಾನೇ ಹೊತ್ತು ಯೆರೂಸಲೇಮಿನ ದೇವಾಲಯಕ್ಕೆ ಹೋಗಿಬಂದೆ! ಬಾವಿಯ ಪಕ್ಕದ ಮರದಲ್ಲಿ ಮೊದಲ ಅಂಜೂರ ಕಂಡಾಗ ಜೊಂಡು ಸುತ್ತಿ ದೇವರಿಗೆಂದು ಗುರುತು ಮಾಡುವುದನ್ನು ನಾನು ಯಾವ ವರ್ಷವೂ ತಪ್ಪಿಸಿದವನಲ್ಲ. ಆದರೆ ಹಣ್ಣು ಬಿಡಿಸಿ ಬುಟ್ಟಿ ತುಂಬಿದ ಮೇಲೆ ಪಕ್ಕದ ಮನೆಯ ಮತ್ತನನ ಕೈಗೆ ಕೊಟ್ಟು, ಮೊಣಕಾಲು ನೋವು ಎಂದು ಮನೆಯಲ್ಲಿ ಉಳಿಯುತ್ತಿದ್ದೆ. ಇನ್ನೊಬ್ಬರ ಬುಟ್ಟಿ ಒಯ್ದವನು ಯಾಜಕರ ಮುಂದೆ ಕಾಣಿಕೆಯ ಆ ಮಾತು ಹೇಳಬೇಕಾಗಿಲ್ಲವಲ್ಲ. ಊರೆಲ್ಲ ನನ್ನ ಮೊಣಕಾಲನ್ನು ನಂಬಿತ್ತು. ನಿನ್ನ ಅಮ್ಮ ಮಾತ್ರ, "ನೋವಿರೋದು ಇವರ ಕಾಲಲ್ಲಲ್ಲ, ನಾಲಿಗೇಲಿ" ಎನ್ನುತ್ತಿದ್ದಳು.

ನಾವಿಬ್ಬರೂ ಬುಟ್ಟಿಯೊಂದಿಗೆ ದೇವಾಲಯಕ್ಕೆ ಹೋದ ಆ ದಿನ ನಿನಗೆ ಮರೆತಿರಲಾರದು. ನಿನಗಾಗ ಹದಿನಾಲ್ಕು. ನಮ್ಮ ಹಿರಿಯರು ಅಲೆದದ್ದು, ಈಜಿಪ್ಟಿನಲ್ಲಿ ಜೀತ ಮಾಡಿದ್ದು, ದೇವರು ಈ ನೆಲ ಕೊಟ್ಟದ್ದು, ಎಲ್ಲವನ್ನೂ ಬುಟ್ಟಿ ಹೆಗಲ ಮೇಲಿರುವಾಗಲೇ ಗ್ರಂಥದ ಹಳೆಯ ಭಾಷೆಯಲ್ಲಿ ಹೇಳಬೇಕು. ಬಾರದವರಿಗೆ ಯಾಜಕರು ಹೇಳಿಕೊಡುತ್ತಿದ್ದರು, ನಿಜ. ಆದರೆ ಹೇಳಿಸಿಕೊಂಡವನು ದಡ್ಡ ಎಂದು ಊರಿಗೆಲ್ಲ ಡಂಗುರ. ಅದಕ್ಕೇ ನನಗೆ ಬರುತ್ತದೆ ಎಂದು ಎದೆಯುಬ್ಬಿಸಿ ನಿಂತೆ. ತೋಟದಲ್ಲಿ ಕತ್ತೆಯ ಮುಂದೆ ಗಡಗಡ ಹೇಳುತ್ತಿದ್ದವನಿಗೆ ಅಲ್ಲಿ ಈಜಿಪ್ಟಿನ ತನಕ ಬಂದ ಮಾತು ಅಲ್ಲೇ ಕೂತುಬಿಟ್ಟಿತು. ನೀನು ಪಕ್ಕದಲ್ಲಿ ನಿಂತು ಮುಂದಿನ ಪದವನ್ನು ಮೆಲ್ಲಗೆ ಹೇಳಿಕೊಟ್ಟೆ. ಹಿಂದಿದ್ದವರು ನಕ್ಕರು. ಆಮೇಲೆ ಮೆಟ್ಟಿಲ ಮೇಲೆ ಎಲ್ಲರೆದುರು ನಾನು ಕೈಯೆತ್ತಿದ್ದು ನಿನ್ನ ಕೆನ್ನೆಗೆ ನೆನಪಿರುತ್ತದೆ. ಅಲ್ಲಿಂದ ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಕತ್ತೆಗೆ ನೀರು ಕುಡಿಸಿದೆಯಾ ಎನ್ನುವುದರಾಚೆ ನಾವು ಮಾತಾಡಲಿಲ್ಲ. ಆಮೇಲೆ ನೀನು ಹೊರಟುಹೋದೆ.

ಈ ಸಲ ಮೊದಲ ಫಲದ ಹಬ್ಬಕ್ಕೆ ಮುಂಚೆ ಹಿಲ್ಕಿಯಾ ಓಡಿಬಂದು, "ಏಯ್ ತನ್ಹೂಮಾ, ಇನ್ಮೇಲೆ ಎಲ್ಲರಿಗೂ ಹೇಳಿಕೊಡ್ತಾರಂತೆ ಕಣೋ! ಬಲ್ಲವನಿಗೂ ಅಷ್ಟೇ, ಬಾರದವನಿಗೂ ಅಷ್ಟೇ" ಎಂದ. ನಾಚಿಕೆಗೆ ಹೆದರಿ ಮನೆಯಲ್ಲೇ ಉಳಿದವನು ನಾನೊಬ್ಬನೇ ಅಲ್ಲವಂತೆ. ಬರುವವರು ಕಡಿಮೆಯಾದದ್ದನ್ನು ನೋಡಿ ಹಿರಿಯರು ಹೀಗೆ ಮಾಡಿದರಂತೆ. ಅವರ ಹೊಟ್ಟೆ ತಣ್ಣಗಿರಲಿ. ನಾನು ಆಗಲೇ ಹೊಸ ಬುಟ್ಟಿ ಹೆಣೆಯಲು ಕೂತೆ. "ಮೊಣಕಾಲು?" ಎಂದಳು ನಿನ್ನ ಅಮ್ಮ. ವಾಸಿಯಾಯಿತು ಎಂದೆ.

ಮೆರವಣಿಗೆಯ ಮುಂದೆ ಕೊಂಬಿಗೆ ಚಿನ್ನ ಬಳಿದ ಎತ್ತು, ಕೊಳಲು, ಹಿಂದೆ ನಾವು. ಪಟ್ಟಣದ ಕಮ್ಮಾರರು, ಬಡಗಿಗಳು ಕೆಲಸ ಬಿಟ್ಟು ಎದ್ದು ನಿಂತು, "ಬೇತ್-ರಿಮ್ಮೋನಿನ ಅಣ್ಣಂದಿರೇ, ಬನ್ನಿ ಬನ್ನಿ!" ಎಂದು ಕರೆದರು. ನನಗಿಂತ ಮುಂದೆ ಬೆಳ್ಳಿಯ ಬುಟ್ಟಿ ಹೊತ್ತ ಒಬ್ಬ ಸಾಹುಕಾರ. ಗ್ರಂಥವನ್ನೆಲ್ಲ ಅರೆದು ಕುಡಿದವನಂತೆ. ಅವನೂ ಯಾಜಕನ ಹಿಂದೆ ಮಗುವಿನ ಹಾಗೆ ಒಂದೊಂದೇ ಪದ ಹೇಳಿದ. ನೋಡಿ ನನಗೆ ಎಷ್ಟು ಖುಷಿಯಾಯಿತು ಗೊತ್ತೇ! ನನ್ನ ಸರದಿಗೆ ಬಂದವನು ಹೆಚ್ಚುಕಡಿಮೆ ನಿನ್ನ ವಯಸ್ಸಿನ ಯಾಜಕ. ಈಜಿಪ್ಟ್ ಬರುತ್ತಲೇ ಹಳೆಯ ಅಭ್ಯಾಸಕ್ಕೆ ನಾಲಿಗೆ ನಿಂತಿತು. ಅವನು ಮುಂದಿನ ಪದವನ್ನು ಮೆಲ್ಲಗೆ ಹೇಳಿದ. ಅಂದು ನೀನು ಹೇಳಿದ್ದೂ ಅದೇ ಪದ. ಅಷ್ಟೇ ಮೆಲ್ಲಗೆ. ನನಗೆ ಕಣ್ಣು ತುಂಬಿ ಬಂತು. "ಭಾರ ಆಯ್ತಾ ಅಜ್ಜಾ? ಇನ್ನೊಂದೇ ಸಾಲು" ಎಂದ. ಅಜ್ಜನಂತೆ! ಆದರೂ ಅವನಿಗೆ ಒಳ್ಳೆಯದಾಗಲಿ. ಕೊನೆಯವರೆಗೂ ಹೇಳಿ, ಬುಟ್ಟಿ ಇಳಿಸಿ, ನೆಲ ಮುಟ್ಟಿ ನಮಸ್ಕರಿಸಿದೆ.

ಅಮ್ಮ ನಿನ್ನ ಹಣೆಗೊಂದು ಮುತ್ತು ಕಳಿಸಿದ್ದಾಳೆ. ಒಣ ಅಂಜೂರದ ಗಂಟು ಓಲೆ ತರುವವನ ಕೈಯಲ್ಲಿದೆ. ಅವನು ದಾರಿಯಲ್ಲಿ ತಿಂದಿದ್ದರೆ ಕೇಳು. ದೇವರು ನಿನ್ನ ಕೈಗೂ ಕಣ್ಣಿಗೂ ಬಲ ಕೊಡಲಿ.

ನಿನ್ನ ಅಪ್ಪ,
ತನ್ಹೂಮ್

ತಡಿ, ಓಲೆಯ ಕೆಳಗೆ ನಾಲ್ಕು ಬೆರಳು ಜಾಗ ಉಳಿದಿದೆ ಎನ್ನುತ್ತಿದ್ದಾನೆ ಹಿಲ್ಕಿಯಾ. ಇದನ್ನೂ ಬರೆಸುತ್ತೇನೆ. ಇವತ್ತು ಎಲ್ಲರಿಗೂ ಯಾಜಕರು ಮಾಡುತ್ತಿರುವುದನ್ನೇ ಅಂದು ನೀನೊಬ್ಬನೇ ನನಗೆ ಮಾಡಿದೆ. ಅದಕ್ಕೆ ನಾನು ನಿನಗೆ ಹೊಡೆದೆ. ತಪ್ಪು ನನ್ನದು, ಕ್ಷಮಿಸು ಮಗನೇ. ಮುಂದಿನ ವರ್ಷ ಹಬ್ಬಕ್ಕೆ ಬಂದು ನನ್ನ ಪಕ್ಕದಲ್ಲಿ ನಿಲ್ಲು. ಹಿಲ್ಕಿಯಾ ಇಷ್ಟನ್ನೂ ಒಂದೊಂದೇ ಪದವಾಗಿ ಓದಿದ, ನಾನು ಅವನ ಹಿಂದೆಯೇ ನಿನ್ನ ಅಮ್ಮನ ಮುಂದೆ ಗಟ್ಟಿಯಾಗಿ ಹೇಳಿದೆ. ಎಲ್ಲೂ ತಡವರಿಸಲಿಲ್ಲ.