ನೀರು ಬಿಟ್ಟ ವಾರ

ಉಮರ್ಗಾ
ತಾ. 2-2-2026, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಋಷಿಕೇಶನ ಶರಣು. ಮೈಯಲ್ಲಿ ಹೇಗಿದ್ದೀ? ಬಾಣಂತಿ ಕಿವಿಗೆ ಬಟ್ಟೆ ಕಟ್ಟದೆ ಅಂಗಳಕ್ಕೆ ಬರುತ್ತಾಳೋ ಏನೋ ಎಂದು ಅವ್ವ ಇಲ್ಲಿ ಕುಳಿತೇ ನಿನ್ನನ್ನು ಬೈಯುತ್ತಿರುತ್ತಾಳೆ. ಕೂಸು ಹಾಲು ಸರಿಯಾಗಿ ಕುಡಿಯುತ್ತದೆಯೇ, ನಿನ್ನನ್ನು ಮಲಗಗೊಡುತ್ತದೆಯೇ? ನಿನ್ನ ಯಜಮಾನರು, ನಮ್ಮ ದಾಜಿ, ಫೋಟೋ ಕಳಿಸಿದ್ದರು. ಮೂಗು ಥೇಟ್ ನಮ್ಮ ಅಪ್ಪನದು. ಹೆಣ್ಣುಕೂಸಿನ ಮುಖದ ಮೇಲೆ ಅದು ಹೇಗೆ ಹೊಂದುತ್ತದೋ, ಮುಂದೆ ನೋಡೋಣ. ದಾಜಿಗೂ ಅತ್ತೆಯವರಿಗೂ ನನ್ನ ಶರಣು ಹೇಳು.

ಗಳಿಗೆಗೊಮ್ಮೆ ಫೋನು ಮಾಡುವವನು ಕಾಗದ ಯಾಕೆ ಬರೆದ ಎಂದು ನಿನಗೆ ಆಶ್ಚರ್ಯವಾಗಿರಬೇಕು. ನಿನ್ನ ಅತ್ತೆಯವರಿಗೆ ಕಿವಿ ಮಂದ, ಹೀಗಾಗಿ ನಿಮ್ಮ ಮನೆಯಲ್ಲಿ ಯಾರ ಫೋನು ಬಂದರೂ ಸ್ಪೀಕರ್ ಹಚ್ಚಿಯೇ ಮಾತು. ನಾನು ಇಲ್ಲಿ ಕೆಮ್ಮಿದರೆ ಉದಗೀರದ ನಿಮ್ಮ ಓಣಿಗೆಲ್ಲ ಕೇಳುತ್ತದೆ. ಆದರೆ ನಿಮ್ಮ ಮನೆಯವರೆಲ್ಲ ಕನ್ನಡ ಮಾತಾಡಿದರೂ ಓದುವುದು ಮರಾಠಿ ಮಾತ್ರ. ಅಜ್ಜಿ ಬಸವಕಲ್ಯಾಣದ ತವರಿನಿಂದ ತಂದ ಅಕ್ಷರವನ್ನು, ಶೇಂಗಾ ಒಡೆಯುತ್ತ ಒಡೆಯುತ್ತ ನಮ್ಮಿಬ್ಬರಿಗೆ ತೀಡಿಸಿದಳಲ್ಲ, ಅದು ಇಂಥ ಕೆಲಸಕ್ಕೆ ಬಂತು. ಈ ಕಾಗದವನ್ನು ನೀನೊಬ್ಬಳೇ ಓದಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಅಂಗಡಿ ತೆರೆದಿದ್ದಾನೆ, ಗಿರಾಕಿಯೊಡನೆ ಎಂದಿನಂತೆ ಜಗಳಾಡುತ್ತಾನೆ, ಅವನ ಚಿಂತೆಯಿಲ್ಲ. ಅಜ್ಜಿ ಹೋಗಿ ವಾರದ ಮೇಲಾಯಿತು, ಅವ್ವನದೇ ಚಿಂತೆ. ಬೆಳಿಗ್ಗೆ ಎದ್ದವಳೇ ತಂಬಿಗೆ ತುಂಬಿಕೊಂಡು ಹೊಲಕ್ಕೆ ನಡೆಯುತ್ತಾಳೆ. ಅಜ್ಜಿಯ ಸಮಾಧಿಯ ಮೇಲೆ ನೀರು ಹಾಕಿ ಬಂದ ಮೇಲೆಯೇ ತಾನು ಒಂದು ಗುಟುಕು ಕುಡಿಯುವುದು. ಅಜ್ಜಿಯ ಬಾಯಿಂದ ಬಂದ ಕಡೆಯ ಮಾತು ‘ನೀರ’ ಎಂಬುದು ನಿನಗೂ ಗೊತ್ತು. ಶ್ವಾಸನಾಳಕ್ಕೆ ಹೋದೀತು, ಚಮಚಕ್ಕಿಂತ ಹೆಚ್ಚು ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು, ಅವ್ವ ಹಾಕಲಿಲ್ಲ. ಈಗ ಮಾತಾಡಿಸಲು ಬಂದವರ ಮುಂದೆಲ್ಲ ಅದೇ ಹೇಳುತ್ತಾಳೆ: “ನಮ್ಮತ್ತಿ ನೀರ ಬೇಡಕೋತ ಹೋದ್ರು. ನನ್ನ ಕೈಯಾಗ ತಂಬಗಿ ಇತ್ತು, ನಾ ಹಾಕಲಿಲ್ಲ.” ಎದುರುಮನೆಯ ರಂಭಾಬಾಯಿ ಸಮಾಧಾನ ಹೇಳಲು ಬಂದವಳು, “ಹೋಗೋ ಜೀವ ಬೇಡಿದ್ದು ಸಿಗಲಿಲ್ಲಂದ್ರ ಅದರ ಆಶಾ ಹಂಗೇ ಉಳೀತದ ನೋಡವ್ವಾ” ಎಂದು ಹೇಳಿ, ಚಹಾ ಕುಡಿದು ಹೋದಳು. ಬಂದಂದಿನಿಂದ ಅತ್ತೆಯ ಸೇವೆ ಮಾಡಿದ ಹೆಂಗಸು, ಈಗ ಯಾರದೋ ಮನೆಯಲ್ಲಿ ಕದ್ದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿಕೊಂಡು ಓಡಾಡುತ್ತಾಳೆ. ನನಗೆ ಅದನ್ನು ನೋಡಲಾಗುತ್ತಿಲ್ಲ.

ನನ್ನ ಬಾಡಿಬಿಲ್ಡಿಂಗ್ ಎಂದರೆ ನಿನಗೆ ಫೋಟೋದಲ್ಲಿ ಕಂಡಷ್ಟೇ ಗೊತ್ತು. ಬೆಳಿಗ್ಗೆ ಬಸ್ಸು ಹಿಡಿದು ನಿಲಂಗಾಕ್ಕೆ ಹೋಗಿ, ಓಂಪ್ರಕಾಶ ಸರ್ ಅವರ ಜಿಮ್ಮಿನಲ್ಲಿ ಅವರ ಬೈಗುಳ ತಿಂದು, ಭಾರ ಎತ್ತಿ, ಮತ್ತೆ ಬಂದು ಅಂಗಡಿಯಲ್ಲಿ ಕೂರುವುದು. (ಮೊಟ್ಟೆಯ ವಿಷಯ ನಿನಗೆ ಗೊತ್ತು, ಅವ್ವನಿಗೆ ಗೊತ್ತಿಲ್ಲ. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊ, ನಾನೂ ಅಲ್ಲೇ ಇಟ್ಟುಕೊಂಡಿದ್ದೇನೆ.) ಅಜ್ಜಿಗೆ ನನ್ನ ಮೈ ಒಂದು ತಮಾಷೆ. ಸಂತೆಯಲ್ಲಿ ಸೋರೆಕಾಯಿ ಒತ್ತಿ ನೋಡುವಂತೆ ನನ್ನ ತೋಳು ಒತ್ತುವಳು. “ಇಷ್ಟ ತಾಕತ್ ಎದಕ್ಕ ಕೂಡಿಹಾಕ್ಲಾಕತ್ತೀ? ಒಂದು ಕೊಡಾ ನೀರ ತಾ ಅಂದ್ರ ಇವತ್ತ ರೆಸ್ಟ್ ಡೇ ಅಂತೀ” ಎನ್ನುವಳು. ದೀಪಾವಳಿಯಲ್ಲಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅವಳನ್ನು ಬೆಳಿಗ್ಗೆ ಎತ್ತಿ ಅಂಗಳದ ಬಿಸಿಲಿಗೆ ಕೂರಿಸುವುದು ನನ್ನ ಕೆಲಸವಾಯಿತು. ಎತ್ತಿದಾಗ ನನ್ನ ಕೊರಳಿಗೆ ಕೈ ಹಾಕಿ, “ಈಗ ಗೊತ್ತಾಯ್ತು ನೋಡು ಎದಕ್ಕಂತ” ಎಂದಿದ್ದಳು. ನನ್ನ ಕಸರತ್ತು ಮನೆಗೆ ಉಪಯೋಗ ಬಿದ್ದದ್ದು ಅದೊಂದಕ್ಕೇ ಅಕ್ಕಾ. ನನಗೆ ಎಷ್ಟು ಹಿಗ್ಗಾಗಿತ್ತೆಂದರೆ ಅಜ್ಜಿ ಬಿಸಿಲು ಸಾಕು ಎಂದರೂ ಇನ್ನೊಮ್ಮೆ ಎತ್ತಿ ಜಾಗ ಬದಲಿಸುತ್ತಿದ್ದೆ.

ಆದರೆ ಉದಗೀರದ ಸ್ಪರ್ಧೆಯ ವಾರ ಬಂತು. ಹೊರಗಿನವರಿಗೆ ಗೊತ್ತಿರದ ಮಾತೊಂದಿದೆ. ವೇದಿಕೆಯ ಮೇಲೆ ನಮ್ಮ ಮೈ ಕಲ್ಲಿನಲ್ಲಿ ಕಡೆದಂತೆ ಕಾಣುತ್ತದಲ್ಲ, ಆ ದಿನವೇ ಅದು ಎಲ್ಲಕ್ಕಿಂತ ಬಲಹೀನವಾಗಿರುತ್ತದೆ. ಚರ್ಮದ ಕೆಳಗಿನ ನೀರು ಹೋದರೆ ಮಾತ್ರ ಸ್ನಾಯುವಿನ ಗೆರೆ ಎದ್ದು ಕಾಣುವುದು. ಅದಕ್ಕೆ ಮೊದಲು ಉಪ್ಪು ಬಿಡಬೇಕು, ಆಮೇಲೆ ನೀರು ಕಡಿಮೆ ಮಾಡಬೇಕು, ಹಿಂದಿನ ದಿನ ಪೂರ್ತಿ ಬಿಡಬೇಕು. ಒಂದು ಹನಿಯೂ ಇಲ್ಲ ಎಂದು ಸರ್ ತಾಕೀತು ಮಾಡಿದ್ದರು. ನಾನು ಉಪ್ಪಿಲ್ಲದ ರೊಟ್ಟಿ ಮುರಿಯುವುದನ್ನು ಅಜ್ಜಿ ಹಾಸಿಗೆಯಿಂದಲೇ ನೋಡುತ್ತಿದ್ದಳು. “ಉಪ್ಪ ಇಲ್ಲ, ನೀರ ಇಲ್ಲ, ಯಾವ ದೇವರಿಗಿ ಬಿಟ್ಟೀ ಇದೆಲ್ಲಾ?” ಎಂದು ಕೇಳಿದಳು. ಉದಗೀರದಾಗ ಮಂದಿಗಿ ತೋರಿಸಾಕ ಅಂತ ಹೇಳಲು ನಾಲಿಗೆ ಹೊರಳಲಿಲ್ಲ, ನಕ್ಕು ಇನ್ನೊಂದು ತುತ್ತು ಮುರಿದೆ. ಗುರುವಾರ ಬೆಳಿಗ್ಗೆ ಅವಳನ್ನು ಎತ್ತಲು ಹೋದರೆ ತೊಡೆ ಗಡಗಡ ನಡುಗಿತು. ಬೆನ್ನು ಹಿಡಿದಿದೆ ಎಂದು ಸುಳ್ಳು ಹೇಳಿದೆ. ಅಪ್ಪ ತನ್ನ ಮಂಡಿನೋವಿನಲ್ಲೇ ಅವಳನ್ನು ಬಿಸಿಲಿಗೆ ಒಯ್ದ. ಅಜ್ಜಿ ಅಪ್ಪನ ಹೆಗಲ ಮೇಲಿಂದ ನನ್ನನ್ನೇ ನೋಡಿದಳು.

ಶುಕ್ರವಾರ ಬೆಳಿಗ್ಗೆ ಅವಳ ಜೀವ ಹೋಯಿತು. ಶನಿವಾರ ಸ್ಪರ್ಧೆ. ಮಧ್ಯಾಹ್ನ ಹೆಣ ಹೊರುವ ಬಿದಿರಿನ ವಿಮಾನ ಕಟ್ಟಿ, ಅಜ್ಜಿಯನ್ನು ಕೂರಿಸಿ, ಕೊರಳ ತುಂಬ ಹೂವು ಹಾಕಿ ಎತ್ತಿದರು. ಮುಂದಿನ ಬಲಗಡೆಯ ಹೆಗಲು ನನ್ನದೇ ಎಂದು ಎಲ್ಲರೂ ಬಿಟ್ಟುಕೊಟ್ಟರು. ಇಷ್ಟು ಗಟ್ಟಿ ಹುಡುಗ ಇರುವಾಗ ಬೇರೆಯವರು ಯಾಕೆ ಎಂದರು. ಊರ ಹೊರಗಿನ ಹಳ್ಳದ ಏರಿನಲ್ಲಿ ನನ್ನ ಮೊಳಕಾಲು ಮಡಚಿತು. ವಿಮಾನ ವಾಲಿತು, ಅಜ್ಜಿಯ ತಲೆ ನನ್ನ ಕಡೆಗೇ ಬಾಗಿತು. ಹಿಂದಿನಿಂದ ಗುರಣ್ಣ ಕಾಕಾ ಓಡಿ ಬಂದು ಹೆಗಲು ಕೊಡದಿದ್ದರೆ ಏನಾಗುತ್ತಿತ್ತೋ. ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ ನೀರು ತಂದರು. ನಾನು ಒಲ್ಲೆ ಎಂದೆ. ಅದನ್ನು ನೋಡಿ ಮಂದಿ ಏನು ಮಾತಾಡಿಕೊಂಡರು ಗೊತ್ತೇ? “ನೀರೂ ಒಲ್ಲೆ ಅಂತಾನ ಪಾಪ, ಅಜ್ಜಿ ಮ್ಯಾಲ ಎಷ್ಟ ಜೀವ ಇಟ್ಟಿದ್ದ ನೋಡ್ರಿ.” ಒಬ್ಬ ಹೆಂಗಸು ನನ್ನ ತಲೆ ಸವರಿ ಅತ್ತಳು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುವಷ್ಟು ನಾಚಿಕೆಯಾಯಿತು, ಆದರೂ ಬಾಯಿ ಬಿಟ್ಟು ನಿಜ ಹೇಳಲಿಲ್ಲ.

ಮರುದಿನ ಚೀಲ ಹೆಗಲಿಗೇರಿಸಿದಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲವಲ್ಲ ಅಪ್ಪಾ ಎಂದೆ. ಬಸವಣ್ಣನವರ ಮಾತು ನನಗೆ ನೆನಪಾದದ್ದು ಅಂಥ ಹೊತ್ತಿನಲ್ಲಿ. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. “ಸೂತಕ ಇಲ್ಲ ಖರೆ. ನಾಚಿಕಿ ಇರ್ತದಪಾ ನಮ್ಮಾಗ” ಎಂದ. ಅಷ್ಟೇ. ನಾನು ಬಸ್ಸು ಹತ್ತಿದೆ. ಮೈಗೆ ಕಂದು ಬಣ್ಣ ಬಳಿದುಕೊಂಡು, ಎಣ್ಣೆ ಹಚ್ಚಿಕೊಂಡು, ಹಲ್ಲು ಕಿರಿದು ನಿಂತೆ. ಎರಡನೇ ಬಹುಮಾನ ಬಂತು. ನಿನ್ನ ಮನೆ ಸ್ಪರ್ಧೆಯ ಮೈದಾನದ ಹಿಂದಿನ ಓಣಿಯಲ್ಲೇ ಇತ್ತು. ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೆ ಬರಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ನಿಮ್ಮ ಓಣಿಯ ತಿರುವಿನವರೆಗೆ ಬಂದಿದ್ದೆ. ಒಳಗೆ ಬಂದಿದ್ದರೆ, ಅಜ್ಜಿಯ ಮುಖ ನೋಡಲೂ ಆಗದೆ ಬಾಣಂತಿಕೋಣೆಯಲ್ಲಿ ಅಳುತ್ತಿದ್ದ ನೀನು ‘ಅಜ್ಜಿ ಹೇಗೆ ಹೋದಳು ಹೇಳು’ ಎಂದು ಕೇಳುತ್ತಿದ್ದೆ. ನನ್ನ ಕೈಯ ಬಣ್ಣ ಇನ್ನೂ ಹೋಗಿರಲಿಲ್ಲ. ಆ ಕೈಯಲ್ಲಿ ನಿನ್ನ ಕೂಸನ್ನು ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ.

ಈಗ ನಮ್ಮ ಚೌಕಿನಲ್ಲಿ ಎರಡು ಫ್ಲೆಕ್ಸು ಜೋಡಿಯಾಗಿ ನಿಂತಿವೆ. ಒಂದು ಅಜ್ಜಿಯದು, ತಲೆ ತುಂಬ ಸೆರಗು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಪಕ್ಕದಲ್ಲೇ ನನ್ನದು, ಗೆಳೆಯರು ಹಾಕಿಸಿದ್ದು. ನಾನು ಒಂದು ತುಂಡು ಚಡ್ಡಿಯಲ್ಲಿ ತೋಳು ಮಡಚಿ ನಿಂತಿದ್ದೇನೆ, ಹಾರ್ದಿಕ ಅಭಿನಂದನ. ಅಜ್ಜಿ ನನ್ನ ಕಡೆ ನೋಡುತ್ತಿರುವಂತೆ ಕಾಣುತ್ತದೆ. ಅವ್ವ ದಿನಾ ಬೆಳಿಗ್ಗೆ ತಂಬಿಗೆ ಹಿಡಿದುಕೊಂಡು ಅವೆರಡರ ಮುಂದೆಯೇ ಹೋಗುತ್ತಾಳೆ. ನನ್ನದನ್ನು ಇಳಿಸಿ ಎಂದರೆ ಗೆಳೆಯರು ಸಂಕೋಚ ಎಂದು ನಗುತ್ತಾರೆ.

ನೀನು ತಂಪಿಗೆ ಓಡಾಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ತೊಟ್ಟಿಲಿನ ದಿನ ಕೂಸಿಗೆ ಅಜ್ಜಿಯ ಹೆಸರನ್ನೂ ಸೇರಿಸಿ ಇಡುವಂತೆ ದಾಜಿಗೆ ಹೇಳಿ ನೋಡು. ಶಿವಕಾಂತಾ ಎಂದರೆ ಈಗಿನ ಕಾಲಕ್ಕೂ ಕೆಟ್ಟದಾಗಿ ಕೇಳುವುದಿಲ್ಲ. ಕೂಸಿಗೆ ಅದರ ಸೋದರಮಾವನ ಮುದ್ದು, ನಿನಗೆ ನನ್ನ ನಮಸ್ಕಾರ.

ನಿನ್ನ ತಮ್ಮ,
ಋಷಿಕೇಶ

ತಾ.ಕ.: ಇಷ್ಟೆಲ್ಲ ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಲಕೋಟೆ ಮುಚ್ಚುವ ಮೊದಲು ಬರೆದುಬಿಡುತ್ತೇನೆ. ಅಕ್ಕಾ, ಅಜ್ಜಿ ನೀರು ಬೇಡಲಿಲ್ಲ. ಆ ಬೆಳಿಗ್ಗೆ ಮಠದ ಅಯ್ಯನವರು ಅಜ್ಜಿಯ ಬಾಯಿಗೆ ಪಾದೋದಕ ಹಾಕಿ, ನಮ್ಮ ಅಂಗೈಗಳಿಗೂ ಒಂದೊಂದು ಚಮಚ ಹಾಕಿದರು. ಅಪ್ಪ ಕುಡಿದ. ಅವ್ವ ಕುಡಿದು ಕೈ ತಲೆಗೆ ಸವರಿಕೊಂಡಳು. ನಾನು ಅಂಗೈಯನ್ನು ಬಾಯಿಗೆ ತಂದು, ತುಟಿ ಬಿಗಿದುಕೊಂಡೇ, ಆ ನೀರನ್ನು ಅಂಗಿಯ ತೋಳಿನೊಳಗೆ ಇಳಿಸಿಬಿಟ್ಟೆ. ಯಾರೂ ಕಾಣಲಿಲ್ಲ ಎಂದುಕೊಂಡಿದ್ದೆ. ಅಜ್ಜಿ ಕಂಡಳು. “ನೀರ” ಎಂದಳು, ಅದು ಎಲ್ಲರಿಗೂ ಕೇಳಿತು. ಅವ್ವ ಗಾಬರಿಯಾಗಿ ತಂಬಿಗೆ ಎತ್ತಿಕೊಂಡು, ಡಾಕ್ಟರ ಮಾತು ನೆನೆದು ನಿಂತಳು. ಅಷ್ಟರಲ್ಲಿ ಅಜ್ಜಿ ತಲೆ ನನ್ನ ಕಡೆ ಹೊರಳಿಸಿ ಉಳಿದದ್ದನ್ನು ಬರೀ ತುಟಿಯಲ್ಲಿ ಹೇಳಿದಳು: “ಕುಡಿ, ಕೂಸಾ.” ನಾನು ಆಗಲೂ ಕುಡಿಯಲಿಲ್ಲ. ಅವಳು ಕಣ್ಣು ಮುಚ್ಚಿದಳು. ಆಮೇಲೆ ಉದಗೀರದಲ್ಲಿ ಸರ್ ಅವರನ್ನು ಕೇಳಿದೆ, ಒಂದು ಚಮಚ ಕುಡಿದಿದ್ದರೆ ಏನಾಗುತ್ತಿತ್ತು ಎಂದು. “ಚಮಚಾಭರ ಪಾಣ್ಯಾನ ಕಾಯ ಹೋತಂಯ ರೇ?” ಎಂದು ನಕ್ಕರು. ಏನೂ ಆಗುತ್ತಿರಲಿಲ್ಲವಂತೆ.

ಅವ್ವ ಈಗ ಹೊರಗೆ ತಂಬಿಗೆ ಬೆಳಗುತ್ತಿದ್ದಾಳೆ, ಹೊಲಕ್ಕೆ ಹೊರಟಿದ್ದಾಳೆ. ನಾನೂ ಸಂಗಡ ಹೋಗುತ್ತೇನೆ, ದಾರಿಯಲ್ಲಿ ಹೇಳಬೇಕೆಂದಿದ್ದೇನೆ. ಹೇಳಿದ್ದೇ ಆದರೆ ಈ ಕಾಗದಕ್ಕಿಂತ ಮೊದಲು ಅವಳ ಫೋನು ನಿನಗೆ ಬಂದಿರುತ್ತದೆ. ಬಂದಿರದಿದ್ದರೆ ನನ್ನಿಂದ ಆಗಲಿಲ್ಲ ಎಂದು ತಿಳಿ. ಆಗ ನೀನೇ ಅವ್ವನಿಗೆ ಫೋನು ಮಾಡಿ, ಈ ತಾಜಾ ಕಲಮನ್ನು ಮೊದಲಿನಿಂದ ಓದಿ ಹೇಳು. ಸ್ಪೀಕರ್ ಹಚ್ಚಿದ್ದರೂ ತೆಗೆಯಬೇಡ.