ಡಯೋಡ್ ಇಲ್ಲದ ವ್ಯಾನು

ಫೆಬ್ರವರಿ 10, ಸೋಮವಾರ

ಹಲ್ಲುಜ್ಜುತ್ತಿರುವಾಗಲೇ ಹೊನ್ನನ ವ್ಯಾನು ನನ್ನ ರಿಪೇರಿ ಅಂಗಡಿ ಎದುರು. ಮಂಕಿಯಿಂದ ಟೆಂಪೋಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಮಂಜಿ. ಕಾಲು ಬಾತಿದೆ, ಬಸ್ಸಿನ ಮೆಟ್ಟಿಲು ಹತ್ತಲಾರಳು. ಎಂಟಕ್ಕೆ ಕುಮಟೆಯಲ್ಲಿ ಡಯಾಲಿಸಿಸ್. ತಪ್ಪಿದರೆ ಬುಧವಾರದವರೆಗೆ ಮಶೀನಿಲ್ಲ.

"ಕೀ ತಿರುಗ್ಸಿದ್ರೆ ಸಾಕು, ಫ್ಯೂಜ್ ಹೋತದೆ ಭಟ್ರೇ."

ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಇಸಿಎಂ ಬಿಚ್ಚಿದೆ. ಕರೆಂಟು ಒಳಬರುವ ಜಾಗದ ದಪ್ಪ ಡಯೋಡ್ ಶಾರ್ಟ್. ಮೀಟರ್ ಎರಡೂ ಕಡೆ ಕೂಗಿತು. ಮೈ ಸೀಳಿದೆ, ನಂಬರು ಅರ್ಧ ಸುಟ್ಟಿದೆ.

"ಬ್ಯಾಟರಿ ಉಲ್ಟಾ ಕೊಟ್ಟಿದ್ಯಾ?"

"ಇಲ್ಲಾ. ದೇವ್ರಾಣೆ ಇಲ್ಲಾ."

ಅಂಥ ಡಯೋಡ್ ನನ್ನ ಹತ್ತಿರ ಇಲ್ಲ. ಗಂಟೆ ಏಳು. ಎಲ್ಲರೂ ಮಾಡುವುದನ್ನೇ ಮಾಡಿದೆ — ಕಟ್ಟರ್ ಹಾಕಿ ಕಿತ್ತು ತೆಗೆದೆ. ಅದಿಲ್ಲದೆಯೂ ವ್ಯಾನು ಸ್ಟಾರ್ಟ್.

"ಹೊಸದು ಹಾಕಿದ್ರಾ?"

"ಹ್ಞೂಂ."

ಯಾಕೆ ಹ್ಞೂಂ ಅಂದೆ? ಇಪ್ಪತ್ತೆರಡು ವರ್ಷದಿಂದ 'ಭಟ್ರು ಅರ್ಧ ಕೆಲಸ ಮಾಡೂದಿಲ್ಲ' ಅನ್ನಿಸಿಕೊಂಡ ಸೊಕ್ಕು. ಬೇರೇನಲ್ಲ. ಬ್ಯಾಟರಿ ಟರ್ಮಿನಲ್ ಮಾತ್ರ ಕೈ ಕೆಂಪಾಗುವಷ್ಟು ಬಿಗಿದು ಕಳಿಸಿದೆ.

ಮಧ್ಯಾಹ್ನ — ಓಡುವಾಗ ಆ ಟರ್ಮಿನಲ್ ಸಡಿಲಾದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಮ್ಮೆಲೇ ಕರೆಂಟು ಉಗುಳುತ್ತದೆ. ಅದನ್ನು ತನ್ನ ಮೇಲೆ ಎಳೆದುಕೊಳ್ಳುವುದೇ ಆ ಡಯೋಡಿನ ಕೆಲಸ. ಈಗ ಎಳೆದುಕೊಳ್ಳುವವರಿಲ್ಲ. ಇಸಿಎಂ ಸುಟ್ಟರೆ ಗಾಡಿ ನಿಂತಲ್ಲೇ.

ಫೆಬ್ರವರಿ 12, ಬುಧವಾರ, ಬೆಳಿಗ್ಗೆ 7.25

ಡಯಾಲಿಸಿಸ್ ದಿನ ಹೊನ್ನ ಏಳೂಕಾಲಿಗೆ ಅಂಗಡಿ ದಾಟುತ್ತಾನೆ. ಎರಡು ಹಾರ್ನ್ ಹೊಡೆಯುತ್ತಾನೆ. ವರ್ಷದಿಂದ ಕೇಳಿಯೂ ಕೇಳಿಸಿಕೊಂಡಿರಲಿಲ್ಲ.

ಇವತ್ತು ಏಳೂಕಾಲಿಗೆ ಇಲ್ಲ. 7.18... 7.20... ಶರಾವತಿ ಸೇತುವೆ ಮೇಲೆ ನಿಂತಿದೆ ಅಂತಲೇ ಲೆಕ್ಕ. ಹಿಂದಿನಿಂದ ಲಾರಿಗಳು. ಮಂಜಿ ಇಳಿಯಲಾರಳು.

7.21. ಎರಡು ಹಾರ್ನ್. ಕುರ್ಚಿಯಲ್ಲಿ ಕೂತುಬಿಟ್ಟೆ.

ಫೆಬ್ರವರಿ 13

ಸತ್ತ ಡಯೋಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಲೆನ್ಸ್ ಹಿಡಿದೆ. ಕಾಣುವುದು '24' ಅಷ್ಟೇ. ನೆಟ್‌ನಲ್ಲಿ ಹುಡುಕಿದೆ — ಈ ಆಕಾರದ್ದು ಮಾಡುವುದನ್ನೇ ನಿಲ್ಲಿಸಿದ್ದಾರಂತೆ.

ಇಪ್ಪತ್ನಾಲ್ಕು ಅಂದರೆ ಯಾವುದು? ತಡೆದುಕೊಳ್ಳುವ ವೋಲ್ಟೋ, ಕೆಲಸ ಶುರುಮಾಡುವ ವೋಲ್ಟೋ? ಕಂಪನಿಗೊಂದು ರೀತಿ. ಕಡಿಮೆಯದು ಹಾಕಿದರೆ ಅದೇ ಸುಡುತ್ತದೆ. ಹೆಚ್ಚಿನದು ಹಾಕಿದರೆ ಇಸಿಎಂ ಸುಟ್ಟ ಮೇಲೆ ಎದ್ದು ಕೂರುತ್ತದೆ. ಅಂದಾಜಿನ ಮೇಲೆ ಹಾಕುವ ಹಾಗಿಲ್ಲ.

ಫೆಬ್ರವರಿ 14

ಹಾರ್ನ್ ಬಂತು. ಎರಡು.

ಫೆಬ್ರವರಿ 15, ಶನಿವಾರ

ಭಟ್ಕಳ. ಜುಬೇರ್ ಭಾಯಿಯ ಗುಜರಿ ಅಂಗಡಿ. ಒಂದು ತಾಸು ಹುಡುಕಿದ ಮೇಲೆ ಅದೇ ವ್ಯಾನಿನ ಇನ್ನೊಂದು ಇಸಿಎಂ ಸಿಕ್ಕಿತು.

"ಅರೇ ಭಟ್ರೇ, ಒಂದು ಡಯೋಡಿಗೆ ಇಷ್ಟು ದೂರ? ಕಿತ್ತು ಒಗೀರಿ. ಎಲ್ಲಾರೂ ಅದೇ ಮಾಡೂದು."

"ಕಿತ್ತಾಗಿದೆ ಭಾಯಿ. ಅದಕ್ಕೇ ಬಂದದ್ದು."

ಅವನಿಗೆ ಹೇಳಿದೆ. ಹೊನ್ನನಿಗೆ ಹೇಳಲಾಗಲಿಲ್ಲ.

ಸಂಜೆ — ಗುಜರಿಯ ಡಯೋಡಿಗೆ ಒಂದೊಂದೇ ವೋಲ್ಟ್ ಏರಿಸಿ ನೋಡಿದೆ. ಇಪ್ಪತ್ತೇಳೂವರೆ ವೋಲ್ಟಿಗೆ ಕರೆಂಟು ಹರಿಯಿತು. ಹಾಗಾದರೆ ಇಪ್ಪತ್ನಾಲ್ಕು ತಡೆದುಕೊಳ್ಳುವ ವೋಲ್ಟು. ಸದ್ಯ, ಒಂದು ಗೊತ್ತಾಯಿತು. ಇದನ್ನೇ ಹಾಕಬಹುದಿತ್ತು. ಆದರೆ ಎಷ್ಟು ಪೆಟ್ಟು ತಿಂದ ಮಾಲೋ... ಈಗಿನ ಕಾಲದ ಚಪ್ಪಟೆಯದು, ಅಷ್ಟೇ ತಾಕತ್ತಿನದು, ಹುಬ್ಬಳ್ಳಿಯಲ್ಲಿ ಇದೆಯಂತೆ. ಬಸ್ಸಿನಲ್ಲಿ ಪಾರ್ಸೆಲ್ ಕಳಿಸಲು ಹೇಳಿದೆ.

ಫೆಬ್ರವರಿ 17, ಸೋಮವಾರ

ಹಾರ್ನ್ ಬಂತು. ಪಾರ್ಸೆಲ್ ಬರಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಪ್ರಿಯಂವದಾ ಬಟ್ಟಲು ನೋಡಿ, "ನಿಂಗಕ್ಕೆ ಎಂತ ಆತು? ಅನ್ನ ಹಂಗೇ ಇದ್ದು" ಅಂದಳು. ಸೆಖೆ ಅಂದೆ. ಇನ್ನೊಂದು ಸುಳ್ಳು.

ಫೆಬ್ರವರಿ 18, ಮಂಗಳವಾರ

ಪಾರ್ಸೆಲ್ ಬಂತು. 'ಒಮ್ಮೆ ಚೆಕ್ ಮಾಡುವುದಿದೆ' ಅಂತ ಹೊನ್ನನನ್ನು ಕರೆಸಿದೆ. ಅವನನ್ನು ಚಹಾಕ್ಕೆ ಕಳಿಸಿ, ಚಪ್ಪಟೆ ಡಯೋಡಿಗೆ ತಾಮ್ರದ ಪಟ್ಟಿಯ ಕಾಲು ಕೂಡಿಸಿ, ಬೆಸುಗೆ ಹಾಕಿದೆ. ಎರಡು ಸಲ ತಿದ್ದಿದೆ. ಸ್ಟಾರ್ಟ್ ಆಯಿತು. ಫ್ಯೂಜ್ ನಿಂತಿತು. ಎಂಟು ದಿನದ ಮೇಲೆ ಸರಿಯಾಗಿ ಉಸಿರಾಡಿದೆ.

ಅಷ್ಟರಲ್ಲಿ ಹೊನ್ನ ನಟ್ಟು ಬಿಚ್ಚುವ ಹತ್ತು ನಂಬರ್ ಪಾನ ತಂದ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಎತ್ತಿಬಿಟ್ಟ!

ಕೂಗಿಕೊಂಡೆ. ಎಂಜಿನ್ ಓಡುತ್ತಲೇ ಇತ್ತು. ಅವನಿಗೆ ನಗು.

"ಹೆದ್ರಬೇಡಿ ಭಟ್ರೇ. ಬ್ಯಾಟ್ರಿ ತೆಗೆದ್ರೂ ನಿಲ್ಲೂದಿಲ್ಲ ಅಂದ್ರೆ ಚಾರ್ಜಿಂಗ್ ಸಮಾ ಉಂಟು. ನಾ ಟೆಂಪೋ ಕ್ಲೀನರ್ ಇದ್ದಾಗ ನೀವೇ ಕಲಿಸಿದ್ದಲ್ಲ. ಮಂಜಿ ಕುಮಟೆಗೆ ಹೋಗೂ ದಿನ ಇದನ್ನ ನೋಡ್ದೆ ನಾ ಹೊರಡೂದೇ ಇಲ್ಲ."

"ಹೋದ ವಾರವೂ?"

"ಬುಧವಾರ, ಶುಕ್ರವಾರ, ನಿನ್ನೆ. ಬುಧವಾರ ತಡ ಆತು. ನೀವು ಆ ನಮ್ನಿ ಬಿಗಿದಿದ್ರಿ, ಬಿಚ್ಚೂಕೆ ಆಗಲೇ ಇಲ್ಲ."

ಕಲಿಸಿದ್ದು ನಿಜ. ಅದು ಹಳೇ ಡೀಸೆಲ್ ಟೆಂಪೋ, ಸುಡಲು ಒಳಗೆ ಏನೂ ಇರಲಿಲ್ಲ. ಈ ವ್ಯಾನಿಗೆ ಅದು ಆಗದು ಅಂತ ಯಾವತ್ತೂ ಹೇಳಲಿಲ್ಲ. ಆ ಡಯೋಡನ್ನು ಕೊಂದದ್ದು ನನ್ನ ಪಾಠ. ಅದಿಲ್ಲದ ಮೂರು ಬೆಳಿಗ್ಗೆ, ಮಂಜಿಯನ್ನು ಹತ್ತಿಸುವ ಮೊದಲು, ಅವನು ನನ್ನ ಪಾಠವನ್ನೇ ಒಪ್ಪಿಸಿದ್ದಾನೆ. ಇಸಿಎಂ ಉಳಿದದ್ದು ಪುಣ್ಯ.

ಇನ್ನು ಹಾಗೆ ಮಾಡಬೇಡ, ಇಸಿಎಂ ಸುಡುತ್ತದೆ ಅಂದೆ.

"ನೀವು ಹೊಸದು ಹಾಕಿದ್ರಲ್ಲ, ಹಂಗಾಗಿ ಧೈರ್ಯ" ಅಂದ.

ಅಲ್ಲೇ ಹೇಳಬೇಕಿತ್ತು. ಟರ್ಮಿನಲ್ ಮತ್ತೆ ಬಿಗಿದು ಕಳಿಸಿಬಿಟ್ಟೆ. ನಾಚಿಕೆಯಾಗುತ್ತದೆ.

ಫೆಬ್ರವರಿ 19, ಬುಧವಾರ, ಬೆಳಿಗ್ಗೆ 7.10

ರಸ್ತೆ ಬದಿಗೆ ನಿಂತು ಬರೆಯುತ್ತಿದ್ದೇನೆ. ಇವತ್ತು ಅವರ ಜೊತೆ ಕುಮಟೆಗೆ. ಧಾರೇಶ್ವರ ದಾಟುವುದರೊಳಗೆ ಹೇಳಬೇಕು, ಮಂಜಿಯ ಎದುರೇ. ಮೊದಲ ಮಾತು ಬರೆದಿಟ್ಟುಕೊಂಡರೆ ತಪ್ಪಿಸಿಕೊಳ್ಳಲಿಕ್ಕಾಗದು.

ಹೊನ್ನಾ, ಅವತ್ತು ಹೊಸದು ಹಾಕಿದೆ ಅಂದದ್ದು ಸುಳ್ಳು. ನಿನ್ನೆಯವರೆಗೂ ಒಳಗೆ

ಹಾರ್ನ್. ಒಂದು... ವ್ಯಾನು ಬಂತು. ಉಳಿದದ್ದು ಬಾಯಲ್ಲೇ ಹೇಳಬೇಕು.