ಮೀರಾಸಾಬ ಕಾಕಾನಿಗೆ ತೊಡಿಸಿದ ಖಾಕಿ

ಮಡಗಾಂವ್,
೨೮ ಡಿಸೆಂಬರ್ ೨೦೨೫

ಪ್ರೀತಿಯ ತಮ್ಮ ಶಶಿಧರನಿಗೆ,

ಅಕ್ಕನ ಆಶೀರ್ವಾದ. ಹಿರಿಯಳಾಗಿ ಇಷ್ಟನ್ನು ಬರೆಯಲೇಬೇಕು, ಬರೆದಿದ್ದೇನೆ. ಇದರ ಮುಂದೆ ಬೈಗುಳವೇ ಇರುವುದು, ಕುಳಿತುಕೊಂಡು ಓದು.

ಫೋನ್ ಮಾಡಿದರೆ ನೀನು ಸೀಜನ್, ಗದ್ದಲ ಎಂದು ಇಟ್ಟುಬಿಡುತ್ತೀ. ವಾಟ್ಸ್ಯಾಪಿನಲ್ಲಿ ಬರೆದರೆ ಕೈ ಮುಗಿದ ಚಿತ್ರ ಕಳಿಸುತ್ತೀ. ಆ ಜೋಡಿಸಿದ ಕೈಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಕಾಗದ. ಗೀತಾಂಜಲಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಮಾವ ಓದಿ ಮುಗಿಸುವ ತನಕ ಎದುರಿನಿಂದ ಏಳಬೇಡ ಎಂದು ಮಗಳಿಗೆ ಹೇಳಿದ್ದೇನೆ.

ಅವಳು ಮಕ್ಕಳನ್ನು ಕಟ್ಟಿಕೊಂಡು, ರೈಲಿನಲ್ಲಿ ಕಾಲಿಡಲು ಜಾಗವಿಲ್ಲದೆ ಹುಬ್ಬಳ್ಳಿಯಿಂದ ರಜೆಗೆ ಬಂದದ್ದು ಸಮುದ್ರಕ್ಕಾಗಿ ಅಲ್ಲ, ಮಾವನ ಹಳೆಯ ಜೀಪುಗಳ ಮ್ಯೂಸಿಯಂ ನೋಡಬೇಕೆಂದು. ನಾನು ಬರುವುದಿಲ್ಲವೆಂದಿದ್ದೆ. ನೀನು ವೆರ್ಣಾದ ಗುಡ್ಡದ ಮೇಲೆ ಆ ಷೆಡ್ಡು ಕಟ್ಟಿ ಎರಡು ವರ್ಷವಾದರೂ ಬಾಗಿಲು ತುಳಿದವಳಲ್ಲ. ಮಕ್ಕಳ ಹಟಕ್ಕೆ ಶುಕ್ರವಾರ ಬಂದೆ. ನಿನಗೆ ಹೇಳದೆ, ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಒಳಗೆ ಬಂದು ಜನರ ಹಿಂದೆ ನಿಂತಿದ್ದೆ. ನೀನು ನೋಡಲಿಲ್ಲ. ನಾನು ನೋಡಿದೆ.

ಮೊದಲು ನ್ಯಾಯವಾದದ್ದನ್ನು ಹೇಳಿಬಿಡುತ್ತೇನೆ. ಉಳಿದ ಜೀಪುಗಳ ಬಗ್ಗೆ ನನ್ನ ತಕರಾರಿಲ್ಲ. ಮುರುಕು ಕಬ್ಬಿಣದಲ್ಲಿ ಜೀವ ತುಂಬುವ ಕೈ ನಿನ್ನದು. ಹಳೆಯ ಲಾಟೀನು, ಪೆಟ್ರೋಲಿನ ಡಬ್ಬಿ, ಪೋರ್ಚುಗೀಸರ ಕಾಲದ ನಂಬರ್ ಪ್ಲೇಟು, ಎಲ್ಲವನ್ನೂ ಒಪ್ಪವಾಗಿ ಜೋಡಿಸಿದ್ದೀ. ದೀಪಾವಳಿಯ ರಜೆ, ಕ್ರಿಸ್ಮಸ್ ರಜೆ ಎಂದು ಊರೂರು ತಿರುಗಿ ತಂದದ್ದು ಅವು. ಜೈಪುರಕ್ಕೆ ಹೋಗಿ ಅರಮನೆ ಬಿಟ್ಟು ಗುಜರಿ ಬಜಾರು ನೋಡಿ ಬಂದ ಹೆಂಗಸು ದೇಶದಲ್ಲಿ ತಾನೊಬ್ಬಳೇ ಎಂದು ನಿನ್ನ ಹೆಂಡತಿ ಕೀರ್ತಿ ನಗುತ್ತಾಳೆ. ನಗಲಿ. ಅದು ನಿಮ್ಮ ಸಂಸಾರ.

ಆದರೆ ನಡುವೆ ಹಗ್ಗ ಕಟ್ಟಿ, ದೀಪದ ಬೆಳಕು ಬಿಟ್ಟು ನಿಲ್ಲಿಸಿದ್ದೀಯಲ್ಲ, ಆ ಜೀಪು ಅಪ್ಪನದು. ಅದರ ಮುಂದೆ ಇಂಗ್ಲಿಷಿನಲ್ಲಿ ಬೋರ್ಡು ಹಾಕಿಸಿದ್ದೀ: ೧೯೬೧ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಗೆ ಗಡಿ ದಾಟಿ ಬಂದ ಸೇನೆಯ ಜೀಪು. ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ. ಹಿಂದಿನ ಹಲಗೆಯ ಮೇಲೆ ಅಪ್ಪ ಬರೆಸಿದ್ದ "ರೇಣುಕಾ ಕಿರಾಣಿ ಅಂಗಡಿ, ಡಿಚೋಲಿ" ಎಂಬ ಕನ್ನಡ ಅಕ್ಷರಗಳನ್ನು ಕೆರೆಸಿ ಹಸಿರು ಬಣ್ಣ ಬಳಿಸಿದ್ದೀ.

ಅಪ್ಪ ಅದನ್ನು ತಂದದ್ದು ೧೯೭೬ರಲ್ಲಿ, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಯೊಬ್ಬರಿಂದ. ಆಗ ಅದು ಎರಡು ವರ್ಷದ ಗಾಡಿ. ಗೋವಾ ಸ್ವತಂತ್ರವಾದಾಗ ಅದರ ಒಂದು ಬೋಲ್ಟೂ ಹುಟ್ಟಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದವಳು ನಾನು. ಆ ಹೋರಾಟದಲ್ಲಿ ಲಾಠಿ ತಿಂದವರ, ಜೈಲು ಕಂಡವರ ಮಕ್ಕಳು ನನ್ನ ಕ್ಲಾಸಿನಲ್ಲಿ ಕುಳಿತು ಹೋಗಿದ್ದಾರೆ. ಅವರ ಮನೆಯ ಮಾನವನ್ನು ನೀನು ಟಿಕೆಟ್ಟಿಗೆ ಮಾರುತ್ತಿದ್ದೀ.

ಅದಕ್ಕಿಂತ ಕೆಟ್ಟದ್ದನ್ನು ಆಮೇಲೆ ನೋಡಿದೆ. ಖಾಕಿ ಅಂಗಿ, ಸೈನಿಕರ ಟೊಪ್ಪಿಗೆ, ಕಪ್ಪು ಬಳಿದ ಮೀಸೆಯ ಮುದುಕರೊಬ್ಬರು ಬಂದು ಸ್ಟೇರಿಂಗ್ ಹಿಡಿದು ಕುಳಿತರು. ನನಗೆ ಗುರುತು ಹತ್ತಲಿಲ್ಲ. ಗೀತಾಂಜಲಿ ಕಿವಿಯಲ್ಲಿ, "ಅವ್ವಾ, ಇವರು ನಮ್ಮ ಮೀರಾಸಾಬ ಅಜ್ಜ ಅಲ್ಲೇನ?" ಎಂದಳು. ಅಪ್ಪನ ಅಂಗಡಿಯ ಜೀಪನ್ನು ಮೊದಲಿನಿಂದ ಓಡಿಸಿದ ಡ್ರೈವರ್ ಕಾಕಾ! ಅಷ್ಟರಲ್ಲಿ ನೀನು ಮೈಕು ಹಿಡಿದು, ಅಂದು ಈ ಜೀಪನ್ನು ಓಡಿಸಿ ತಂದ ವೀರ ಇವರೇ ಎಂದೆ. ಜನ ಚಪ್ಪಾಳೆ ತಟ್ಟಿದರು. ಆಗ ಎಂಟು ವರ್ಷದ ಹುಡುಗನಾಗಿದ್ದ ಕಾಕಾ ಸೇನೆಯ ಜೀಪು ಹೇಗೆ ಓಡಿಸಿದರು ಎಂದು ಲೆಕ್ಕ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ದಿಲ್ಲಿಯ ಕಡೆಯ ಹೆಂಗಸೊಬ್ಬಳು ಅವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡಳು. ಗುಂಡು ಹಾರಿಸಿದ್ದಿರಾ ಎಂದು ಹಿಂದಿಯಲ್ಲಿ ಕೇಳಿದಳು. ಕಾಕಾ ನಿನ್ನ ಮುಖ ನೋಡಿ, ತಾನು ಹಾರ್ನು ಮಾತ್ರ ಹೊಡೆದವನು ಎಂದರು. ದೊಡ್ಡವರ ವಿನಯ ಎಂದುಕೊಂಡು ಎಲ್ಲರೂ ನಕ್ಕರು. ನೀನೂ ನಕ್ಕೆ, ಶಶಿ. ನನಗೆ ಅಲ್ಲೇ ನಿನ್ನ ಕೆನ್ನೆಗೆ ಬಾರಿಸಬೇಕೆನಿಸಿತು. ಮಕ್ಕಳಿದ್ದರೆಂದು ಹೊರಗೆ ಬಂದೆ.

ಆ ಮನುಷ್ಯ ನಿಜವಾಗಿ ಏನು ಮಾಡಿದ್ದರೆಂಬುದು ನಿನಗೆ ಮರೆತಿದೆಯೇ? ೧೯೮೩ರ ಮಳೆಗಾಲ. ನೀನು ಏಳನೆಯ ಇಯತ್ತೆಯಲ್ಲಿದ್ದೆ. ಕಾಕಾ ವಾರದ ಸಂತೆ ತುಂಬಿಕೊಂಡು ಗಣಿಯ ಬಿಡಾರಗಳಿಗೆ ಜೋಳ, ಅಕ್ಕಿ, ಉಳ್ಳಾಗಡ್ಡಿ ಹಂಚಲು ಹೋಗಿದ್ದರು. ಜೊತೆಗೆ ಅಪ್ಪನೂ ಇದ್ದ. ಅಗೆದು ಸುರಿದ ಕೆಂಪು ಮಣ್ಣಿನ ಗುಡ್ಡ ಒಂದೇ ಸಮನೆ ಜಾರಿ ಗುಡಿಸಲುಗಳ ಮೇಲೆ ಕುಳಿತುಬಿಟ್ಟಿತು. ಕಾಕಾ ಅಪ್ಪನನ್ನು ಒಂದು ಮಾತು ಕೇಳದೆ ಅಕ್ಕಿಯ ಚೀಲಗಳನ್ನೆಲ್ಲ ಕೆಸರಿಗೆ ಉರುಳಿಸಿ, ಮಣ್ಣಿನಿಂದ ಎಳೆದವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಕತ್ತಲಾಗುವವರೆಗೆ ಆಸ್ಪತ್ರೆಗೆ ಹೊಡೆದರು. ಹದಿಮೂರು ಜನ ಬದುಕಿದರು. ಗಣಿಯ ಲೋಡರ್ ಯಮನೂರ ಮಾತ್ರ ದಾರಿಯಲ್ಲೇ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಹೋದ. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಅಕ್ಕಿಯ ಮಾತನ್ನು ಸಾಯುವ ತನಕ ಎತ್ತಲಿಲ್ಲ.

ಇದಕ್ಕಿಂತ ದೊಡ್ಡ ಕಥೆ ಬೇಕಾಗಿತ್ತೇ ನಿನಗೆ?

ಯಮನೂರನ ಹೆಂಡತಿ ಶಿವವ್ವ ಇನ್ನೂ ಇಲ್ಲೇ ಮಡಗಾಂವಿನ ಮೋತಿ ಡೊಂಗರ್‌ನಲ್ಲಿದ್ದಾಳೆ. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ನಮ್ಮ ಮನೆಗೆ ಬಂದು ಆ ಜೀಪಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಒಂದು ಗಳಿಗೆ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತು ಹೋಗುತ್ತಿದ್ದಳು. ಅವಳ ಗಂಡ ಕೊನೆಯುಸಿರು ಬಿಟ್ಟ ಜಾಗ ಅದು. ಅವನಿಗೆ ಬೇರೆ ಸಮಾಧಿ ಇಲ್ಲ. ನೀನು ಜೀಪು ಒಯ್ದ ಮೇಲೆ, ಈ ವರ್ಷ ಎರಡು ಬಸ್ಸು ಬದಲಿಸಿ ನಿನ್ನ ಗೇಟಿಗೆ ಬಂದಿದ್ದಳಂತೆ. ಕಾವಲುಗಾರ ಟಿಕೆಟ್ ಕೇಳಿದನಂತೆ. ನಿನ್ನ ಹೆಸರು ಹೇಳಿದಾಗ ಒಳಗಿನಿಂದ ನೀನೇ ಹೇಳಿ ಕಳಿಸಿದೆಯಂತೆ, ಎಣ್ಣೆ ಕುಂಕುಮದಿಂದ ಪೇಂಟು ಹಾಳಾಗುತ್ತದೆ, ಮಾಲೆ ಕೊಟ್ಟು ಹೋಗಲಿ ಎಂದು. ಅವಳು ಅಳದೆ ನನಗೆ ಇದನ್ನು ಹೇಳಿದಳು. "ಸಣ್ಣ ಧಣ್ಯಾರಿಗೆ ನಾ ಯಾರಂತ ಗೊತ್ತಾಗಿರಾಕಿಲ್ಲ ಬಿಡ್ರಿ ಅಕ್ಕಾರ" ಎಂದಳು. ನಿನಗೆ ಗೊತ್ತಿತ್ತು ಎಂದು ನಾನು ಹೇಳಲಿಲ್ಲ. ನಿನ್ನ ಮಾನ ಉಳಿಸಿದ್ದು ಅದೊಂದು ಸಲ.

ಶುಕ್ರವಾರ ರಾತ್ರಿ ಬೋರ್ಡಿನ ವಿಷಯ ತೆಗೆದಾಗ ನೀನು ಫೋನ್ ಇಡುವ ಮುನ್ನ ಅಂದ ಮಾತು ನನ್ನ ಕಿವಿಯಲ್ಲಿದೆ: "ಅಕ್ಕಾ, ಕಿರಾಣಿ ಜೀಪ್ ನೋಡಾಕ ದಿಲ್ಲಿಯಿಂದ ಯಾರ ಬರ್ತಾರ?" ನನಗೆ ಅರ್ಥವಾಗುತ್ತದೆ. ಶಾಲೆಯಲ್ಲಿ ಘಟ್ಟದ ಮೇಲಿನಿಂದ ಬಂದ ನಮ್ಮನ್ನು ಘಾಂಟಿಗಳೆಂದು ಹಂಗಿಸಿ ಕೂಗುತ್ತಿದ್ದಾಗ ನೀನು ಅತ್ತದ್ದು ನನಗೆ ನೆನಪಿದೆ. ಜೀಪಿನಲ್ಲಿ ಶಾಲೆಗೆ ಬಿಡಲು ಬಂದರೆ ಉಳ್ಳಾಗಡ್ಡಿ ವಾಸನೆ ಬರುತ್ತದೆಂದು ಚರ್ಚಿನ ತಿರುವಿನಲ್ಲೇ ಇಳಿದು ನಡೆದು ಹೋಗುತ್ತಿದ್ದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಈಗ ನಿನಗೆ ಐವತ್ನಾಲ್ಕು. ಘಾಂಟಿ ಎಂದವರ ಮುಂದೆ ಈ ಜೀಪು ನಿಲ್ಲಿಸಿ, ನಿಮ್ಮ ಗುಡ್ಡ ಅಗೆದವರು, ನಿಮ್ಮ ಬಂದರು ಕಟ್ಟಿದವರು ಉಂಡ ಜೋಳ ಹೊತ್ತ ಗಾಡಿ ಇದು ಎನ್ನುವ ವಯಸ್ಸು. ನೀನು ಇನ್ನೂ ಚರ್ಚಿನ ತಿರುವಿನಲ್ಲೇ ಇಳಿಯುತ್ತಿದ್ದೀ.

ಬುಧವಾರ, ಮೂವತ್ತೊಂದರ ಸಂಜೆ, ನಿಮ್ಮ ಕ್ಲಬ್ಬಿನ ಹಳೆಯ ಗಾಡಿಗಳು ಕೋಲ್ವಾ ಬೀಚಿನ ತನಕ ಮೆರವಣಿಗೆ ಹೋಗುತ್ತವೆ, ಈ ಜೀಪೇ ಮುಂದೆ, ಮುಂಬೈಯಿಂದ ಪತ್ರಿಕೆಯವರು ಬಂದು ಕಾಕಾನ ಸಂದರ್ಶನ ಮಾಡುತ್ತಾರೆ ಎಂದು ಕೀರ್ತಿ ಹೇಳಿದಳು. ಬಾಯಿಮಾತಿನ ಸುಳ್ಳು ಸೀಜನ್ ಮುಗಿದರೆ ಮುಗಿದೀತು. ಅಚ್ಚಾದ ಸುಳ್ಳನ್ನು ನಾಳೆ ನಿನ್ನ ಮೊಮ್ಮಕ್ಕಳು ಪುರಾವೆ ಎಂದು ತೋರಿಸುತ್ತಾರೆ. ಯಮನೂರ ಆ ಜೀಪಿನಲ್ಲಿ ಸತ್ತೇ ಇರಲಿಲ್ಲ ಎಂದಾಗುತ್ತದೆ.

ಆದ್ದರಿಂದ ಬುಧವಾರದೊಳಗೆ ಆ ಬೋರ್ಡು ಇಳಿಯಬೇಕು. ಅಪ್ಪನ ಅಂಗಡಿಯ ಹೆಸರು ಹಲಗೆಯ ಮೇಲೆ ಮತ್ತೆ ಕನ್ನಡದಲ್ಲೇ ಬರಬೇಕು. ಪತ್ರಿಕೆಯವರಿಗೆ ಕಾಕಾ ತಮ್ಮ ಹೆಸರಿನಲ್ಲಿ, ತಮ್ಮ ಅಂಗಿಯಲ್ಲಿ ತಮ್ಮ ಕಥೆ ಹೇಳಬೇಕು. ಇಲ್ಲದಿದ್ದರೆ ನಾನು ಶಿವವ್ವನ ಕೈ ಹಿಡಿದು ಕೋಲ್ವಾದ ರಸ್ತೆಯ ನಡುವೆ ನಿಲ್ಲುತ್ತೇನೆ. ಪತ್ರಿಕೆಯವರು ಆಗ ಬರೆದುಕೊಳ್ಳುವುದೇ ಬೇರೆಯಾಗುತ್ತದೆ. ಅಕ್ಕ ಬರೀ ಹೆದರಿಸುತ್ತಾಳೆ ಎಂದು ತಿಳಿಯಬೇಡ. ನನಗೆ ಕಾಲು ನೋವಿದೆ, ಆದರೂ ನಿಲ್ಲುತ್ತೇನೆ.

ಕೀರ್ತಿಗೆ, ಮಕ್ಕಳಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ,
ನಂದಾ

ತಾ.ಕ.: ನಿನಗೆ ಏನೂ ಅನ್ನಬೇಡವೆಂದು ಮೀರಾಸಾಬ ಕಾಕಾ ನಿನ್ನೆ ನಮ್ಮ ಮನೆಗೇ ಬಂದು ಹೇಳಿ ಹೋದರು. ಶುಕ್ರವಾರ ನಾನು ಹಿಂದೆ ನಿಂತದ್ದನ್ನು ಅವರು ನೋಡಿದ್ದರಂತೆ. ನಾನು ಅವರ ಮೇಲೂ ರೇಗಿದೆ, ಈ ವಯಸ್ಸಿನಲ್ಲಿ ವೇಷ ಕಟ್ಟಲು ನಾಚಿಕೆಯಾಗುವುದಿಲ್ಲವೇ ಎಂದೆ. ಚಹಾದ ಬಟ್ಟಲು ಕೆಳಗಿಟ್ಟು, "ಆಗತೈತಿ ನಂದವ್ವಾ. ಆದ್ರ ಆ ಅಂಗಿ ತೊಟ್ಟರನ ನನಗ ಆ ಗಾಡಿ ಮುಟ್ಟಾಕ ಬಿಡತಾರ" ಎಂದರು. ನಾನು ಹೊರಗೆ ಹೋಗಿ ಬಟ್ಟೆ ಒಣಹಾಕಿದೆ. ಶಶಿ, ಮೇಲಿನದೆಲ್ಲ ಅಕ್ಕನ ಆಜ್ಞೆ. ಇದೊಂದನ್ನು ಬೇಡಿಕೊಳ್ಳುತ್ತೇನೆ: ಖಾಕಿ ಕಳಚಿಸಿದ ಮೇಲೆ ಕೀಲಿಯನ್ನೂ ಕಸಿದುಕೊಳ್ಳಬೇಡ.